ಕಾರಿಲ್ಲದೆ ಕಾನ್ವಿ: ಕೋಟೆ ಬೆಳಿಗ್ಗೆ, ಊರಗೋಡೆ ಸಂಜೆ

ವೇಲ್ಸ್‌ನ ಕಾನ್ವಿಯನ್ನು ಕಾರಿಲ್ಲದೆ ಒಂದೇ ದಿನದಲ್ಲಿ ನೋಡಿ ಮುಗಿಸೋಕಾಗಲ್ಲ ಅಂದವರೇ ಹೆಚ್ಚು. ಎರಡು ಸಲ ಕೆಟ್ಟಿತು, ಮೂರನೇ ಸಲ ಕೈಹಿಡಿಯಿತು. ಮ್ಯಾಂಚೆಸ್ಟರ್‌ನಿಂದ ರೈಲು, ಮಿಕ್ಕಿದ್ದೆಲ್ಲ ಕಾಲ್ನಡಿಗೆ.

ಕೆಟ್ಟಿದ್ದು ಬೆಳಕಿನ ಲೆಕ್ಕ ತಪ್ಪಿ. ಬೆಳಿಗ್ಗೆಯೇ ಊರಗೋಡೆ ಹತ್ತಿದರೆ ಸೂರ್ಯ ಕೋಟೆಯ ಬೆನ್ನಿಗಿರುತ್ತಾನೆ. ಫೋಟೋದಲ್ಲಿ ಎಂಟೂ ಬುರುಜು ಕಪ್ಪು ಮುದ್ದೆ. ಈಗ ಒಂದು ನಿಲ್ದಾಣ ಮೊದಲೇ, ಲ್ಯಾಂಡಡ್ನೊ ಜಂಕ್ಷನ್‌ನಲ್ಲಿ ಇಳಿದು ಸೇತುವೆ ಮೇಲೆ ನಡೆದು ಬರುತ್ತೇನೆ. ಇಪ್ಪತ್ತು ನಿಮಿಷ. ಬೆನ್ನಿಗೆ ಬಿಸಿಲು, ಎದುರಿಗೆ ಕೋಟೆ, ಪಕ್ಕದಲ್ಲಿ ಎಂಜಿನಿಯರ್ ಟೆಲ್ಫರ್ಡ್ ಕಟ್ಟಿದ 1826ರ ತೂಗುಸೇತುವೆ. ಉಬ್ಬರದ ಹೊತ್ತು ನೋಡಿಕೊಂಡೇ ದಿನ ಗೊತ್ತುಮಾಡಬೇಕು, ಇಳಿತದಲ್ಲಿ ನದಿಯೆಲ್ಲ ಕೆಸರು.

ಕೋಟೆ ಬಾಗಿಲು ತೆಗೆದ ಕೂಡಲೇ ಒಳಗಿರಬೇಕು. ಎಲ್ಲರೂ ಮೊದಲು ಸಿಕ್ಕಿದ ಬುರುಜು ಹತ್ತುತ್ತಾರೆ. ನಾನು ನೇರ ಹಿಂದಿನ ಒಳ ಅಂಗಳಕ್ಕೆ ಹೋಗಿ ಅಲ್ಲಿಂದ ವಾಪಸು ಬರುತ್ತೇನೆ. ಸುರುಳಿ ಮೆಟ್ಟಿಲು ಇಕ್ಕಟ್ಟು, ಇಳಿಯುವವರು ಎದುರಾದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಹನ್ನೊಂದರ ನಂತರ ಬಸ್ಸಿನವರು ಬಂದರೆ ಒಂದು ಬುರುಜಿಗೇ ಅರ್ಧ ಗಂಟೆ ಹೋಗುತ್ತದೆ.

ಖರ್ಚು ನೆನಪಿದ್ದಷ್ಟು: ರೈಲ್‌ಕಾರ್ಡ್ (ರೈಲಿನ ರಿಯಾಯಿತಿ ಕಾರ್ಡು) ಇದ್ದರೆ ಮೂರನೇ ಒಂದು ಭಾಗ ಕಡಿತ, ಹೋಗಿಬರಲು ತಲೆಗೆ ಮೂವತ್ತು ಪೌಂಡಿನ ಆಚೀಚೆ. ಕೋಟೆಗೆ ಹನ್ನೆರಡು ಹದಿಮೂರು. ಊರಗೋಡೆಗೆ ಕಾಸಿಲ್ಲ.

ಮಧ್ಯಾಹ್ನ ಪ್ಲಾಸ್ ಮಾವರ್. 1576ರಲ್ಲಿ ರಾಬರ್ಟ್ ವಿನ್ ಕಟ್ಟಿಸಲು ಶುರುಮಾಡಿದ ಮನೆ. ಬೆಂಕಿಗೂಡಿನ ಮೇಲಿನ ಗಾರೆ ಕೆಲಸದಲ್ಲಿ ಅವನ ಹೆಸರಿನ ಮೊದಲಕ್ಷರಗಳನ್ನು ಹುಡುಕಿ. ದೋಣಿಕಟ್ಟೆಯ ಅತಿ ಚಿಕ್ಕ ಮನೆ ಅಗಲ 1.8 ಮೀಟರ್, ಐದು ನಿಮಿಷ ಸಾಕು. ಅಲ್ಲಿ ಬುತ್ತಿ ಬಿಚ್ಚಬೇಡಿ, ಕಡಲಹಕ್ಕಿ ಕೈಯಿಂದಲೇ ಕಸಿಯುತ್ತದೆ.

ಮೂರು ಗಂಟೆ ಮೇಲೆ ಊರಗೋಡೆ. 1.3 ಕಿಲೋಮೀಟರ್, 21 ಬುರುಜು. ಕೆಳಗಿಂದ ಹತ್ತಿ ಮಂಡಿ ಕೆಡಿಸಿಕೊಂಡೆ. ಮೇಲ್‌ಬಾಗಿಲ ಹತ್ತಿರ ಏರಿ, ತುದಿಯ ಕಾವಲು ಬುರುಜು ಮುಟ್ಟಿ, ನದಿ ಕಡೆ ಇಳಿಯುವುದೇ ಸರಿ. ಈಗ ಬಿಸಿಲು ಕೋಟೆಯ ಮುಖದ ಮೇಲೆ. ಫೋಟೋಗೆ ನಾನು ನಿಲ್ಲುವ ಜಾಗ ಮಾತ್ರ ಹೇಳಲ್ಲ. ಮಳೆ ಬಿದ್ದಿದ್ದರೆ ಕಲ್ಲು ಜಾರುತ್ತದೆ. ಮಿಲ್ ಗೇಟ್ ಹತ್ತಿರ ಗೋಡೆಯಿಂದಾಚೆ ಸಾಲಾಗಿ ಚಾಚಿಕೊಂಡ ಹನ್ನೆರಡು ಕಲ್ಲಿನ ಗೂಡುಗಳು ಹಳೆಯ ಶೌಚಗಳು; ಹೊರಗಿನಿಂದಲೇ ಚೆನ್ನಾಗಿ ಕಾಣುತ್ತವೆ.

ವಾಪಸಿಗೆ ಕಾನ್ವಿ ನಿಲ್ದಾಣವೇ ಹತ್ತಿರ. ಅಲ್ಲಿ ಕೈ ಚಾಚದಿದ್ದರೆ ರೈಲು ನಿಲ್ಲುವುದಿಲ್ಲ. ಒಮ್ಮೆ ಸುಮ್ಮನೆ ನಿಂತು ತಪ್ಪಿಸಿಕೊಂಡೆ, ಮುಂದಿನದಕ್ಕೆ ಸುಮಾರು ಒಂದು ಗಂಟೆ ಕಾದೆ.