ಮೆಣಸಿನ ಸಸಿಗೆ ಸುಡುಮಣ್ಣೇ ಬೇಕು

ಚೌತಿ ಕಳೆದದ್ದೇ ತಡ, ಮಂಗಳೂರಿನ ಫ್ಲ್ಯಾಟುಗಳಲ್ಲಿರುವ ನಮ್ಮ ಮಕ್ಕಳು ಮೆಣಸು, ಟೊಮೆಟೊ ಬೀಜ ತಂದು ತೋಟದ ಹಸಿ ಮಣ್ಣಿಗೆ ಉದುರಿಸುತ್ತಾರೆ. ಹೊತ್ತು ಹೊತ್ತಿಗೆ ನೀರು ಬೇರೆ. ಸಸಿ ಬೆರಳುದ್ದ ಆಗುವ ಮೊದಲೇ ಬುಡ ಕಪ್ಪಾಗಿ ಅಡ್ಡ ಬೀಳುತ್ತದೆ. ಆಮೇಲೆ ಬೀಜವೇ ಸರಿ ಇಲ್ಲ ಎಂಬ ದೂರು! ಬೀಜಕ್ಕೇನೂ ಆಗಿಲ್ಲ ಮಾರಾಯ್ರೆ, ಮಣ್ಣಿನೊಳಗಿನ ಶಿಲೀಂಧ್ರ ಸಸಿಯನ್ನು ಕೊಳೆಸಿದ್ದು.

ಅದಕ್ಕೇ ಸುಡುಮಣ್ಣು, ಅಂದರೆ ಶಿಲೀಂಧ್ರ ಸಾಯುವ ಹಾಗೆ ತರಗೆಲೆಯ ಕಿಚ್ಚಿನಲ್ಲಿ ಬೇಯಿಸಿದ ಮಣ್ಣು ಬೇಕು ಅನ್ನುವುದು. ಮೇ 24-25ಕ್ಕೆ ಪತ್ತನಾಜೆ, ತುಳುನಾಡಿನಲ್ಲಿ ಜಾತ್ರೆ-ಕೋಲ ಮುಗಿಸಿ ಮಳೆಗಾಲಕ್ಕೆ ಅಣಿಯಾಗುವ ದಿನ. ಅದಕ್ಕೆ ಮೊದಲೇ ಸುಟ್ಟಿಡಬೇಕು, ಮಳೆ ಹಿಡಿದ ಮೇಲೆ ಆಗುವ ಕೆಲಸವಲ್ಲ. ಒಣಗಿದ ಮೇಲ್ಮಣ್ಣಿನ ಹೆಂಟೆ ಒಡೆದು ಕಲ್ಲು ಹೆಕ್ಕಿ. ಅಡಿಗೆ ತರಗೆಲೆ, ತೆಂಗಿನ ಸಿಪ್ಪೆ, ಮೇಲೆ ಮಣ್ಣು, ಮತ್ತೆ ತರಗೆಲೆ, ಮತ್ತೆ ಮಣ್ಣು. ಕೊನೆಯ ಪದರ ಮಣ್ಣಿನದ್ದೇ ಇರಲಿ. ಗಾಳಿ ಬರುವ ಕಡೆಯಿಂದ ಕಿಚ್ಚು ಕೊಡಿ. ಹೊಗೆಯಾಡಬೇಕು, ಉರಿಯಬಾರದು. ಉರಿ ಎದ್ದರೆ ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಯಾತಕ್ಕೂ ಬಾರದು. ನಮ್ಮತ್ತೆ ಕೋಲು ಹಿಡಿದು ಪಕ್ಕದಲ್ಲೇ ಕೂರುತ್ತಿದ್ದರು, ಜ್ವಾಲೆ ಕಂಡಲ್ಲಿಗೆ ಒಂದು ಬೊಗಸೆ ಮಣ್ಣು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಸರಿಯಾಗಿ ಬೆಂದ ಮಣ್ಣು ಕಪ್ಪಾಗಿ, ಹಿಡಿದರೆ ಪುಡಿಪುಡಿಯಾಗುತ್ತದೆ. ಪೂರ್ತಿ ತಣಿದ ಮೇಲೆ ಜರಡಿ ಹಿಡಿದು ಗೋಣಿಗೆ ತುಂಬಿ ಅಟ್ಟಕ್ಕೇರಿಸಿ. ಹಲಸಿನ ಹಪ್ಪಳಕ್ಕೂ ಇದೇ ಮಾತು: ಬಿಸಿಲಿನಿಂದ ತೆಗೆದು ಬಿಸಿಬಿಸಿಯಾಗಿ ಡಬ್ಬಕ್ಕೆ ತುಂಬಿದರೆ ಬೆವತು ಬೂಸ್ಟು ಬರುತ್ತದೆ, ಎಷ್ಟು ಹೇಳಿದರೂ ಕೇಳುವವರಿಲ್ಲ.

ಅಂಗಳವಿಲ್ಲದವರು ತುಸು ತೇವದ ಮಣ್ಣನ್ನು ಹಳೆ ಬಾಣಲೆಯಲ್ಲಿ ಚೆನ್ನಾಗಿ ಆವಿ ಏಳುವವರೆಗೆ ಹುರಿಯಿರಿ. ಅಡುಗೆಯ ಬಾಣಲೆ ಮುಟ್ಟಬೇಡಿ.

ಈ ಮಣ್ಣಿಗೆ ಹೊಯಿಗೆ (ಮರಳು), ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಸೇರಿಸಿ ಸಸಿ ಟ್ರೇಗೆ ತುಂಬಿ. ಹೊಸ ಗೊಬ್ಬರ ಬೇಡವೇ ಬೇಡ. ಮೆಣಸು ನಿಧಾನದ್ದು, ಮೊದಲು ಹಾಕಿ. ಅದು ಮೊಳೆತ ಮೇಲೆ ಟೊಮೆಟೊ. ಮೊಳಕೆ ಬರುವವರೆಗೆ ಬಚ್ಚಲೊಲೆಯ ಹತ್ತಿರ ಬೆಚ್ಚಗಿರಲಿ, ಬಂದ ಕೂಡಲೇ ಜಗಲಿಯ ಅಂಚಿನ ಬೆಳಕಿಗೆ ತನ್ನಿ. ಕತ್ತಲಲ್ಲಿಟ್ಟರೆ ಸಪೂರಕ್ಕೆ ಉದ್ದ ಹೋಗುತ್ತದೆ. ಮೇಲ್ಮಣ್ಣು ಒಣಗಿದ್ದು ಬೆರಳಿಗೆ ತಿಳಿದರೆ ಮಾತ್ರ ನೀರು, ಅದೂ ಬೆಳಿಗ್ಗೆ.

ದೀಪಾವಳಿ ಹೊತ್ತಿಗೆ ದಿನಾ ಸ್ವಲ್ಪ ಸ್ವಲ್ಪ ಬಿಸಿಲು ತೋರಿಸಿ ಗಟ್ಟಿ ಮಾಡಿ, ಸಂಜೆ ನೆಡಿ. ಟೊಮೆಟೊದ ಕಾಂಡದಲ್ಲೂ ಬೇರು ಬರುತ್ತದೆ, ಆಳಕ್ಕೆ ನೆಟ್ಟರೆ ಒಳ್ಳೆಯದು. ಮೆಣಸು ಟ್ರೇಯಲ್ಲಿದ್ದಷ್ಟೇ ಆಳಕ್ಕೆ. ಕಳೆದ ವರ್ಷ ಬದನೆ ಸೊರಗಿ ಸತ್ತ ಜಾಗದಲ್ಲಂತೂ ಎರಡನ್ನೂ ನೆಡಬೇಡಿ. ಆ ರೋಗ ನೆಲದಲ್ಲೇ ಉಳಿದಿರುತ್ತದೆ, ಎಷ್ಟು ಒಳ್ಳೆಯ ಸಸಿಯಾದರೂ ಹಸಿರಿರುವಾಗಲೇ ಬಾಡಿ ಹೋಗುತ್ತದೆ.