ಅರಾಬಿಯಾಟಾ ಪಾಸ್ತಾ: ಬೆಳ್ಳುಳ್ಳಿ ಸೀಯಿಸ್ಬೇಡಿ, ಮಿಕ್ಕಿದ್ದೆಲ್ಲ ಸುಲಭ

ಇಟಾಲಿಯನ್‌ನಲ್ಲಿ ಅರಾಬಿಯಾಟಾ ಅಂದ್ರೆ ಸಿಟ್ಟು ಬಂದಿರೋದು ಅಂತ, ಖಾರ ಜಾಸ್ತಿ ಅಂತ್ಲೇ ಆ ಹೆಸರು. ರೋಮ್ ಕಡೆ ಅಡುಗೆ ಇದು, ಅರ್ಧ ಗಂಟೆ ಕೂಡ ಹಿಡಿಯಲ್ಲ. ಈರುಳ್ಳಿ ಹಾಕಲ್ಲ, ಕ್ರೀಮ್ ಅಂತೂ ಬೇಡವೇ ಬೇಡ.

ಇಬ್ಬರಿಗಾದ್ರೆ 200 ಗ್ರಾಂ ಪೆನ್ನೆ (ಕೊಳವೆ ಥರ ಇರೋ ಪಾಸ್ತಾ), 400 ಗ್ರಾಂ ಟೊಮೇಟೊ, ಬೆಳ್ಳುಳ್ಳಿ 3 ಎಸಳು, ಒಣಮೆಣಸಿನಕಾಯಿ 2, ಆಲಿವ್ ಆಯಿಲ್ 3 ಚಮಚ. ಟಿನ್‌ನಲ್ಲಿ ಬರೋ ಸಿಪ್ಪೆ ತೆಗೆದ ಟೊಮೇಟೊ ಇದ್ರೆ ಕೈಯಲ್ಲೇ ಕಿವುಚಿ ಇಟ್ಕೊಳ್ಳಿ, ಹಸಿ ಟೊಮೇಟೊ ಆದ್ರೆ ಚೆನ್ನಾಗಿ ಹಣ್ಣಾಗಿರ್ಲಿ, ತಳದಲ್ಲಿ ಚಾಕುವಿಂದ X ಥರ ಗೀಟು ಹಾಕಿ ಕುದಿಯೋ ನೀರಲ್ಲಿ ಒಂದು ನಿಮಿಷ ಬಿಟ್ರೆ ಸಿಪ್ಪೆ ತಾನೇ ಸುಲಿದು ಬರುತ್ತೆ.

ಒಂದು ಕಡೆ 2 ಲೀಟರ್ ನೀರು ಕುದಿಯೋಕಿಡಿ. ಇಟಲಿಯವರ ಲೆಕ್ಕ 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನಾನು ಉಪ್ಪು ಸ್ವಲ್ಪ ಕಮ್ಮಿನೇ ಹಾಕ್ತೀನಿ, ಆ ನೀರು ಆಮೇಲೆ ಸಾಸ್‌ಗೂ ಬೀಳುತ್ತಲ್ಲ.

ಈಗ ಬಾಣಲೆ. ಎಣ್ಣೆ ಕಾಯೋಕೆ ಮುಂಚೆನೇ ಹೆಚ್ಚಿದ ಬೆಳ್ಳುಳ್ಳಿ ಹಾಕಿ, ಉರಿ ತೀರಾ ಸಣ್ಣ ಇರ್ಲಿ. ನಿಧಾನಕ್ಕೆ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಅಂಚು ಹೊಂಬಣ್ಣಕ್ಕೆ ತಿರುಗೋಕೆ ಶುರುವಾಗ್ತಿದ್ದ ಹಾಗೇ ಮೆಣಸಿನಕಾಯಿ ಮುರಿದು ಹಾಕಿ ಅರ್ಧ ನಿಮಿಷ ಆಡಿಸಿ. ಮೆಣಸಿನಕಾಯಿ ಖಾರ ನೀರಲ್ಲಿ ಅಷ್ಟಾಗಿ ಕರಗಲ್ಲ, ಎಣ್ಣೆಲಿ ಕರಗುತ್ತೆ, ಅದಕ್ಕೇ ಟೊಮೇಟೊಗಿಂತ ಮೊದಲು ಇದು. ಒಂದ್ಸಲ ನಾನು ಫೋನ್ ನೋಡ್ತಾ ಬೆಳ್ಳುಳ್ಳಿ ಕಂದು ಮಾಡ್ಕೊಂಡೆ, ಟೊಮೇಟೊ ಬಿದ್ರೆ ಮುಚ್ಚೋಗುತ್ತೆ ಬಿಡು ಅಂತ ಮುಂದುವರೆಸಿದೆ, ಪೂರ್ತಿ ಬಾಣಲೆ ಕಹಿ. ಸೀದ್ರೆ ಚೆಲ್ಲಿ ಮತ್ತೆ ಶುರು ಮಾಡಿ, ಹೋಗೋದು 3 ಎಸಳು ಅಷ್ಟೇ.

ಟೊಮೇಟೊ ಸುರಿಯುವಾಗ ಸಿಡಿಯುತ್ತೆ, ಹುಷಾರು. ಸ್ವಲ್ಪ ಉಪ್ಪು ಹಾಕಿ 12-15 ನಿಮಿಷ, ಅಂಚಲ್ಲಿ ಕೆಂಪಗೆ ಎಣ್ಣೆ ಬಿಡೋವರೆಗೂ ಕುದಿಸಿ. ಹುಳಿ ಜಾಸ್ತಿ ಅನ್ಸಿದ್ರೆ ಚಿಟಿಕೆ ಸಕ್ಕರೆ, ಯಾರಿಗೂ ಹೇಳ್ಬೇಡಿ.

ಅಷ್ಟರಲ್ಲಿ ಪೆನ್ನೆ ಬೇಯ್ಲಿ, ಪ್ಯಾಕೆಟ್ ಮೇಲೆ ಬರೆದಿರೋ ಟೈಮ್‌ಗಿಂತ 2 ನಿಮಿಷ ಮೊದಲೇ ಇಳಿಸಿ, ಕಚ್ಚಿದ್ರೆ ಮಧ್ಯದಲ್ಲಿ ಇನ್ನೂ ಚೂರು ಗಟ್ಟಿ ಇರ್ಬೇಕು. ಬಸಿಯೋ ಮುಂಚೆ ಒಂದು ಕಪ್ ನೀರು ಎತ್ತಿಟ್ಕೊಳ್ಳಿ, ತಣ್ಣೀರಲ್ಲಿ ಮಾತ್ರ ತೊಳೀಬೇಡಿ, ಮೇಲಿರೋ ಗಂಜಿ ಹೋದ್ರೆ ಸಾಸ್ ಹಿಡಿಯಲ್ಲ. ಪೆನ್ನೆನ ಬಾಣಲೆಗೆ ಹಾಕಿ, ಎತ್ತಿಟ್ಟ ನೀರು ಸ್ವಲ್ಪ ಸ್ವಲ್ಪ ಬಿಡ್ತಾ ದೊಡ್ಡ ಉರಿಲಿ 2 ನಿಮಿಷ ತಿರುವಿ, ಸಾಸ್ ಹೊಳಪಾಗಿ ಪೆನ್ನೆಗೆ ಅಂಟ್ಕೊಳ್ಳುತ್ತೆ.

ಮೇಲೆ ಹೆಚ್ಚಿದ ಪಾರ್ಸ್ಲಿ ಸೊಪ್ಪು, ಬೇಕಿದ್ರೆ ಪೆಕೊರಿನೊ ಚೀಸ್ ತುರಿದು ಹಾಕಿ, ಅದು ಕುರಿ ಹಾಲಿನದು, ಉಪ್ಪುಪ್ಪಾಗಿರುತ್ತೆ. ಬಿಸಿ ಇದ್ದಾಗ್ಲೇ ತಿನ್ನಿ, ತಡ ಆದ್ರೆ ಪೆನ್ನೆ ಸಾಸ್ ಎಲ್ಲ ಹೀರ್ಕೊಂಡು ಗಟ್ಟಿಯಾಗ್ಬಿಡುತ್ತೆ, ಆಗ ಉಳಿದಿರೋ ನೀರು ಒಂದೆರಡು ಚಮಚ ಹಾಕಿ ಬಿಸಿ ಮಾಡ್ಕೊಳ್ಳಿ.