ಮಾತ್ರೆ ಕವರಿನ ಮೇಲೊಂದು ಸೂರ್ಯ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್. ಶುರು ಮಾಡಿ 17 ವರ್ಷ ಆಯ್ತು. ಮೊದಲ ಆರೇಳು ವರ್ಷ ಎಲ್ಲರ ಹಾಗೇ ವ್ಯಾಪಾರ ಮಾಡಿದೆ. ಚೀಟಿ ನೋಡುವುದು, ಮಾತ್ರೆ ಕೊಡುವುದು, "ಬೆಳಿಗ್ಗೆ ಒಂದು, ರಾತ್ರಿ ಒಂದು" ಅಂತ ಹೇಳಿ ಮುಂದಿನವರ ಚೀಟಿಗೆ ಕೈ ಚಾಚುವುದು.

ಒಂದು ಸಂಜೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹಿರಿಯರೊಬ್ಬರು ಬಂದರು. ಹೊಗೆ, ಹೊಟ್ಟಿನ ಧೂಳಿನಲ್ಲೇ ಬದುಕು ಕಳೆದವರು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. "ತಮ್ಮಾ, ಹದಿನೈದು ದಿನದಿಂದ ಈ ಗುಳಿಗೆ ನುಂಗಾಕತ್ತೀನಿ. ದಮ್ಮು ಒಂಚೂರೂ ಕಡಿಮೆ ಆಗಿಲ್ಲ" ಅಂದರು. ಕೈಚೀಲದಿಂದ ಡಬ್ಬಿ ತೆಗೆದು ಮುಂದಿಟ್ಟರು.

ನನ್ನ ಎದೆ ಧಸಕ್ಕೆಂದಿತು. ಅದು ನುಂಗುವ ಗುಳಿಗೆಯೇ ಅಲ್ಲ. ಇನ್‌ಹೇಲರ್‌ಗೆ ಹಾಕಿ, ಒಳಗಿನ ಪುಡಿಯನ್ನು ಉಸಿರಿನ ಜೊತೆ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲ್. ಇನ್‌ಹೇಲರ್ ಚೀಲದ ತಳದಲ್ಲೇ ಇತ್ತು, ಕವರ್ ಕೂಡ ಬಿಚ್ಚಿರಲಿಲ್ಲ. ಕೊಟ್ಟವನು ನಾನೇ. ಅವತ್ತು ಜನ ಜಾಸ್ತಿ ಇದ್ದರು ಅಂತ ತೋರಿಸದೇ ಕಳಿಸಿದ್ದೆ.

"ಹೆಂಗೆ ತಗೋಬೇಕು ಅಂತ ಕೇಳಬಾರದಿತ್ತಾ ಯಜಮಾನ್ರೇ?" ಅಂದೆ.

"ಹಿಂದೆ ಮಂದಿ ನಿಂತಿದ್ರು ತಮ್ಮಾ" ಅಂದರು.

ಅವರನ್ನು ಸ್ಟೂಲ್ ಮೇಲೆ ಕೂರಿಸಿದೆ. ಮೊದಲು ಉಸಿರು ಪೂರ್ತಿ ಹೊರಗೆ ಬಿಡಿ, ಆದರೆ ಇನ್‌ಹೇಲರ್ ಒಳಗೆ ಬಿಡಬೇಡಿ. ತುಟಿ ಬಿಗಿಯಾಗಿ ಮುಚ್ಚಿ ಜೋರಾಗಿ ಎಳೆಯಿರಿ. 10 ಎಣಿಸುವ ತನಕ ಹಿಡಿದಿಡಿ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಅವರ ಔಷಧಿಯಲ್ಲಿ ಸ್ಟೆರಾಯ್ಡ್ ಇತ್ತು, ಮುಕ್ಕಳಿಸದಿದ್ದರೆ ಬಾಯೊಳಗೆ ಬಿಳಿ ಅಗ್ರ ಕಟ್ಟಬಹುದು. ಮೂರನೇ ಸಲಕ್ಕೆ ಸರಿಯಾಗಿ ಬಂತು. ಇಷ್ಟಕ್ಕೆಲ್ಲ ಹಿಡಿದದ್ದು ಐದೇ ನಿಮಿಷ.

"ಹಿಂದೆ ಮಂದಿ ನಿಂತಿದ್ರು" ಅನ್ನೋ ಮಾತು ಮಾತ್ರ ರಾತ್ರಿಯಿಡೀ ನಿದ್ದೆ ಕೊಡಲಿಲ್ಲ. ಓದು ಬಾರದವರು, ಕಿವಿ ಮಂದ ಇರುವವರು ಅರ್ಥ ಆಗದಿದ್ದರೂ ತಲೆಯಾಡಿಸಿ ಹೋಗುತ್ತಾರೆ. ಅವರು ಕೇಳಲಿ ಅಂತ ನಾವು ಕಾಯಬಾರದು.

ಮಾರನೇ ದಿನ ಒಂದು ಮಾರ್ಕರ್ ಪೆನ್ ತಂದೆ. ಮಾತ್ರೆ ಕವರಿನ ಮೇಲೆ ಚಿತ್ರ ಬಿಡಿಸತೊಡಗಿದೆ. ಅರ್ಧ ಸೂರ್ಯ ಅಂದರೆ ಬೆಳಿಗ್ಗೆ. ಪೂರ್ತಿ ಸೂರ್ಯ ಮಧ್ಯಾಹ್ನ. ಚಂದ್ರ ರಾತ್ರಿ. ಅನ್ನ ತುಂಬಿದ ತಟ್ಟೆ ಇದ್ದರೆ ಊಟ ಆದ ಮೇಲೆ, ಬರೀ ತಟ್ಟೆ ಇದ್ದರೆ ಖಾಲಿ ಹೊಟ್ಟೆಗೆ. ಥೈರಾಯ್ಡ್ ಮಾತ್ರೆಗೆ ಬರೀ ತಟ್ಟೆ. ಕಾಫಿ, ಟೀ ಅರ್ಧ ಗಂಟೆ ಬಿಟ್ಟು ಅಂತ ಬಾಯಲ್ಲೂ ಹೇಳುತ್ತೇನೆ.

"ನಿಮಗೆ ಓದೋಕೆ ಬರುತ್ತಾ?" ಅಂತ ಯಾರನ್ನೂ ಕೇಳುವುದಿಲ್ಲ. ಕಾಲೇಜು ಮೇಷ್ಟ್ರು ಬಂದರೂ ಅವರ ಕವರಿಗೂ ಸೂರ್ಯ, ಚಂದ್ರ. ಎಲ್ಲರಿಗೂ ಒಂದೇ ಅಂದರೆ ಯಾರಿಗೂ ಮುಜುಗರ ಇಲ್ಲ, ಅಲ್ವಾ? ನಾನು ಮಾಡಿದ್ದರಲ್ಲಿ ಇದೇ ದೊಡ್ಡದು ಅನ್ನಿಸುತ್ತದೆ.

ಇನ್ನು ಕೆಲವು ಸಣ್ಣಪುಟ್ಟವು. ನಾಲ್ಕೇ ಮಾತ್ರೆ ಕತ್ತರಿಸಿ ಕೊಡುವಾಗ ಎಕ್ಸ್‌ಪೈರಿ ದಿನಾಂಕ ಇರುವ ತುದಿಯನ್ನು ಉಳಿಸಿಕೊಂಡು, ಇನ್ನೊಂದು ಕಡೆಯಿಂದ ಕತ್ತರಿಸುತ್ತೇನೆ. ಕಂಪನಿ ಬದಲಾಗಿ ಬಿಪಿ ಮಾತ್ರೆಯ ಬಣ್ಣ ಬೇರೆ ಆದರೆ ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ತೋರಿಸುತ್ತೇನೆ. ಇಲ್ಲದಿದ್ದರೆ ಎರಡೂ ಬೇರೆ ಬೇರೆ ಅಂದುಕೊಂಡು ಎರಡನ್ನೂ ನುಂಗುವವರಿದ್ದಾರೆ. ತಿಂಗಳ ಮಾತ್ರೆಗೆ ದುಡ್ಡು ಸಾಲದವರಿಗೆ, ಡಾಕ್ಟ್ರ ಹತ್ತಿರ ಜೆನೆರಿಕ್, ಅಂದರೆ ಕಂಪನಿಯ ಬ್ರಾಂಡ್ ಬದಲು ಔಷಧಿಯ ಮೂಲ ಹೆಸರು, ಬರೆಸಿಕೊಂಡು ಕಡಿಮೆ ಬೆಲೆಯ ಜನೌಷಧಿ ಕೇಂದ್ರಕ್ಕೆ ಹೋಗಿ ಅನ್ನುತ್ತೇನೆ. "ನಮ್ಮ ವ್ಯಾಪಾರ ಹೋಗಲ್ವಾ?" ಅಂತ ಹೆಂಡತಿ ಕೇಳಿದಳು. ಸ್ವಲ್ಪ ಹೋಗುತ್ತದೆ. ಆದರೆ ಶುಗರ್ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಉಳಿಸುವವರನ್ನು ನೋಡಿದ ಮೇಲೆ ಸುಮ್ನೆ ಇರಲು ಆಗುವುದಿಲ್ಲ.

ಜಗಳೂರು ಕಡೆಯ ಅಜ್ಜಿಯೊಬ್ಬರು ತಿಂಗಳಿಗೊಮ್ಮೆ ಬರುತ್ತಾರೆ. ಮೊದಮೊದಲು ಮಾತೇ ಆಡುತ್ತಿರಲಿಲ್ಲ. ಚೀಟಿ ಕೊಟ್ಟು ಸೆರಗು ಬಾಯಿಗೆ ಹಿಡಿದು ನಿಲ್ಲುತ್ತಿದ್ದರು. ಹೋದ ತಿಂಗಳು ಕವರ್ ತಗೊಂಡು ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ಕವರನ್ನು ಗಾಜಿನ ಮೇಲಿಟ್ಟು ಬೆರಳಿನಿಂದ ಕುಟ್ಟಿದರು.

"ಏ ತಮ್ಮಾ, ಇದಕ್ಕೆ ಚಂದ್ರ ಹಾಕೋದು ಮರೆತೀಯಲ್ಲೋ!"

ಹಿಂದೆ ಆರು ಜನ ನಿಂತಿದ್ದರು. ನಾನು ಪೆನ್ ತಗೊಂಡೆ.